ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ದಾಖಲೆಯೇ ಸಂಶೋಧನೆಗೆ ಸಾಲದೇ?

ಪ್ರಶ್ನೆ: ಈಗ ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟರು ನಮ್ಮೊಡನೆ ಮಾತನಾಡುತ್ತಲೇ ಎಲ್ಲವನ್ನೂ ಕಂಪ್ಯೂಟರಿಗೆ ತುಂಬುತ್ತಾರೆ. ಲಕ್ಷಾಂತರ ರೋಗಿಗಳ ವಿವರ ಹೀಗೆ ಕೈಯಲ್ಲೇ ಇರುವಾಗ, ಯಾವ ಔಷಧ ಒಳ್ಳೆಯದೆಂದು ತಿಳಿಯಲು ಅದನ್ನೇ ಲೆಕ್ಕ ಹಾಕಿದರೆ ಆಗದೇ? ಪ್ರತ್ಯೇಕ ಪ್ರಯೋಗಗಳು ಏಕೆ ಬೇಕು? ಹೆಸರು ತೆಗೆದು ಕೊಟ್ಟರೆ ರೋಗಿಗಳಿಗೂ ತೊಂದರೆ ಇಲ್ಲವಲ್ಲ?

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಸಂದೇಹಗಳಿವೆ. ದಾಖಲೆಗಳೇ ಸಾಲವೇ ಎಂಬುದು ಒಂದು. ಹೆಸರು ತೆಗೆದರೆ ಗುಟ್ಟು ಉಳಿಯುತ್ತದಲ್ಲವೇ ಎಂಬುದು ಇನ್ನೊಂದು. ಎರಡೂ ಸಹಜವಾದ ಸಂದೇಹಗಳೇ. ಇದರಲ್ಲೇ ಪಳಗಿದವರೂ ಎರಡು ಕಡೆಯೂ ಎಡವಿದ್ದಾರೆ. ಹಾಗಾಗಿ ನಿಧಾನವಾಗಿ ನೋಡೋಣ.

ಆ ದಾಖಲೆ ಬರೆಯುವುದು ಚಿಕಿತ್ಸೆಗಾಗಿ. ಒಪಿಡಿ ಭೇಟಿ, ಲ್ಯಾಬ್ ರಿಪೋರ್ಟು, ಸ್ಕ್ಯಾನು, ಮಾತ್ರೆಗಳ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ಒಂದೇ ಕಡೆ ಇದ್ದರೆ, ಬೆಳಗ್ಗೆ ನೋಡಿದ ವೈದ್ಯರು ಮನೆಗೆ ಹೋದಮೇಲೂ ರಾತ್ರಿ ಡ್ಯೂಟಿಯ ವೈದ್ಯರಿಗೆ ವಿಷಯ ತಿಳಿಯುತ್ತದೆ. ನಿಮಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಒಮ್ಮೆ ನಮೂದಾಗಿದ್ದರೆ, ಮುಂದೆ ಯಾರಾದರೂ ಅದನ್ನು ಬರೆದಾಗ ಪರದೆ ಎಚ್ಚರಿಸುತ್ತದೆ. ಎಚ್ಚರಿಕೆಗಳು ಅತಿಯಾದರೆ ವೈದ್ಯರು ಓದದೆಯೇ ಒತ್ತಿ ಮುಂದೆ ಹೋಗುವುದೂ ಉಂಟು. ಡಾಕ್ಟರು ನಮ್ಮ ಮುಖಕ್ಕಿಂತ ಪರದೆಯನ್ನೇ ಹೆಚ್ಚು ನೋಡುತ್ತಾರೆ ಎಂಬ ದೂರಂತೂ ಎಲ್ಲ ದೇಶಗಳಲ್ಲೂ ಇದೆ.

ಸಂಶೋಧಕರು ಬರುವುದು ಆಮೇಲೆ. ಬೇರೆ ಉದ್ದೇಶಕ್ಕೆ ಬರೆದದ್ದನ್ನು ಅವರು ತಮ್ಮ ಉದ್ದೇಶಕ್ಕೆ ಓದಬೇಕು. ಮೊದಲ ತೊಡಕು ಭಾಷೆಯದು. ಒಬ್ಬ ವೈದ್ಯರು ಡಯಾಬಿಟಿಸ್ ಎಂದು ಪೂರ್ತಿ ಬರೆಯುತ್ತಾರೆ, ಇನ್ನೊಬ್ಬರು ಡಿಎಂ ಎಂದಷ್ಟೇ ಬರೆಯುತ್ತಾರೆ. ಮೂರನೆಯವರು ‘ಡಯಾಬಿಟಿಸ್ ಇಲ್ಲ’ ಎಂದು ಬರೆದಿರುತ್ತಾರೆ; ಬರಿಯ ಪದ ಹುಡುಕುವ ಕಂಪ್ಯೂಟರು ಅವರ ರೋಗಿಯನ್ನೂ ಸಕ್ಕರೆ ಕಾಯಿಲೆಯವರ ಪಟ್ಟಿಗೆ ಸೇರಿಸಿಬಿಡಬಹುದು. ಇದನ್ನು ತಪ್ಪಿಸಲೆಂದೇ ಕಾಯಿಲೆಗಳಿಗೆ ಸಂಕೇತಗಳಿವೆ. ಐಸಿಡಿ-10 ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡನೇ ಬಗೆಯ ಮಧುಮೇಹಕ್ಕೆ ಇ11 ಎಂಬ ಗುರುತು. ಇಷ್ಟಾದರೆ ಆ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ.

ಎರಡನೆಯ ತೊಡಕು ಅಷ್ಟು ಸುಲಭದ್ದಲ್ಲ. ನಿಮ್ಮ ಪ್ರಶ್ನೆಯ ತಿರುಳು ಇರುವುದೂ ಅಲ್ಲೇ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು, ನ್ಯುಮೋನಿಯಾ ಬಂದವರಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು ಎಂಬುದನ್ನು ಹಳೆಯ ರೋಗಿಗಳ ಮಾಹಿತಿಯಿಂದ ಕಂಪ್ಯೂಟರಿಗೆ ಕಲಿಸಲು ಹೊರಟರು. ಅದು ಕಲಿತ ನಿಯಮಗಳಲ್ಲಿ ಒಂದು ವಿಚಿತ್ರವಾಗಿತ್ತು: ಅಸ್ತಮಾ ಇದ್ದವರಿಗೆ ಅಪಾಯ ಕಡಿಮೆ! ಅಸ್ತಮಾ ಇದ್ದರೆ ನ್ಯುಮೋನಿಯಾ ಇನ್ನಷ್ಟು ಗಂಭೀರ ಎಂಬುದು ಯಾವ ವೈದ್ಯರಿಗೂ ಗೊತ್ತು. ಹಾಗಾದರೆ ದಾಖಲೆಯೇ ಸುಳ್ಳೇ? ಅಲ್ಲ. ಅಂಥವರನ್ನು ಕಂಡೊಡನೆ ನೇರವಾಗಿ ಐಸಿಯುಗೆ ಸೇರಿಸಿ ಹೆಚ್ಚಿನ ಆರೈಕೆ ಮಾಡುತ್ತಿದ್ದರು. ಆದ್ದರಿಂದ ಅವರಲ್ಲಿ ಬದುಕಿದವರು ಹೆಚ್ಚು. ಕಂಪ್ಯೂಟರು ಲೆಕ್ಕ ಸರಿಯಾಗಿಯೇ ಮಾಡಿತ್ತು. ಆದರೆ ಅದನ್ನು ನಂಬಿ ‘ಅಸ್ತಮಾ ಇದೆಯೇ, ಹಾಗಾದರೆ ಮನೆಗೆ ಹೋಗಿ’ ಎಂದಿದ್ದರೆ ಜೀವಗಳು ಹೋಗುತ್ತಿದ್ದವು.

ಬಾಸ್ಟನ್ನಿನ ಎರಡು ದೊಡ್ಡ ಆಸ್ಪತ್ರೆಗಳ ದಾಖಲೆಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸಿತು. ಅನೇಕ ಲ್ಯಾಬ್ ಪರೀಕ್ಷೆಗಳಲ್ಲಿ, ಫಲಿತಾಂಶ ಏನು ಬಂತು ಎಂಬುದಕ್ಕಿಂತ, ಪರೀಕ್ಷೆಗೆ ಯಾವ ಹೊತ್ತಿನಲ್ಲಿ ಬರೆದರು ಎಂಬುದೇ ರೋಗಿ ಬದುಕುಳಿಯುವ ಸಾಧ್ಯತೆಯನ್ನು ಚೆನ್ನಾಗಿ ಸೂಚಿಸಿತು. ಯೋಚಿಸಿದರೆ ಆಶ್ಚರ್ಯವಿಲ್ಲ. ನಡುರಾತ್ರಿ ಮೂರಕ್ಕೆ ಯಾರೂ ಸುಮ್ಮನೆ ರಕ್ತ ತೆಗೆಸುವುದಿಲ್ಲ; ವೈದ್ಯರಿಗೆ ಏನೋ ಆತಂಕವಾಗಿರುತ್ತದೆ. ಅಂದರೆ ಕೇಸ್ ಶೀಟಿನಲ್ಲಿ ರೋಗಿಯ ಶರೀರದ ಸ್ಥಿತಿಯಷ್ಟೇ ಇರುವುದಿಲ್ಲ, ವೈದ್ಯರ ಊಹೆ, ಭಯ, ತೀರ್ಮಾನಗಳೂ ಕೂಡಿಕೊಂಡಿರುತ್ತವೆ. ಯಾವ ಔಷಧ ಯಾರಿಗೆ ಸಿಕ್ಕಿತು ಎಂಬುದೂ ಹಾಗೆಯೇ. ತೀರಾ ಹದಗೆಟ್ಟವರಿಗೆ ಬಲವಾದ ಔಷಧ ಕೊಡುತ್ತಾರೆ, ಅವರಲ್ಲಿ ಹೆಚ್ಚು ಜನ ತೀರಿಕೊಳ್ಳುತ್ತಾರೆ, ಲೆಕ್ಕ ನೋಡಿದವರಿಗೆ ಔಷಧವೇ ಕೊಂದಂತೆ ಕಾಣುತ್ತದೆ. ಇಂಥ ವ್ಯತ್ಯಾಸಗಳನ್ನು ಸರಿದೂಗಿಸುವ ಗಣಿತದ ವಿಧಾನಗಳಿವೆ. ಆದರೆ ದಾಖಲೆಯಲ್ಲಿ ಬರೆಯದೇ ಹೋದ ಕಾರಣವನ್ನು ಯಾವ ಗಣಿತವೂ ಸರಿದೂಗಿಸಲಾರದು.

ಪ್ರಯೋಗ ಬೇಕಾಗುವುದು ಇದಕ್ಕೇ. ಅಲ್ಲಿ ಔಷಧ ಯಾರಿಗೆ ಎಂಬುದನ್ನು ವೈದ್ಯರು ತೀರ್ಮಾನಿಸುವುದಿಲ್ಲ. ಒಪ್ಪಿಗೆ ಪಡೆದ ಮೇಲೆ, ಕಂಪ್ಯೂಟರು ಚೀಟಿ ಎತ್ತುವ ರೀತಿಯಲ್ಲಿ ಹಂಚುತ್ತದೆ. ಆಗ ಎರಡು ಗುಂಪುಗಳು ಮಿಕ್ಕೆಲ್ಲದರಲ್ಲೂ ಸರಿಸುಮಾರು ಸಮ.

ಆದರೆ ಪ್ರಯೋಗ ಬೇರೆ, ದಾಖಲೆ ಬೇರೆ ಎಂದು ಎರಡನ್ನೂ ಎದುರುಬದುರು ನಿಲ್ಲಿಸಬೇಕಿಲ್ಲ. ಕೋವಿಡ್ ಕಾಲದಲ್ಲಿ ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ನಡೆಸಿದ ‘ರಿಕವರಿ’ ಪ್ರಯೋಗ ಎರಡನ್ನೂ ಕೂಡಿಸಿತು. ಔಷಧ ಹಂಚಿದ್ದು ಚೀಟಿ ಎತ್ತುವ ಕ್ರಮದಲ್ಲಿ. ವಾರ್ಡಿನಲ್ಲಿ ದಣಿದಿದ್ದ ಸಿಬ್ಬಂದಿ ತುಂಬಬೇಕಾದ ಫಾರಂ ತೀರಾ ಚಿಕ್ಕದು. ರೋಗಿ ಬದುಕಿದರೇ, ವೆಂಟಿಲೇಟರ್ ಬೇಕಾಯಿತೇ ಎಂಬಂಥ ವಿವರಗಳನ್ನು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ದಾಖಲೆಗಳಿಂದಲೂ ಪಡೆದುಕೊಂಡರು. 2020ರ ಮಾರ್ಚಿನಲ್ಲಿ ಶುರುವಾದ ಈ ಪ್ರಯೋಗ, ಜೂನ್ 16ರ ಹೊತ್ತಿಗೇ ಉತ್ತರ ಕೊಟ್ಟಿತು: ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟಿರಾಯ್ಡ್ ಕೊಟ್ಟರೆ ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದರಷ್ಟು ಕಡಿಮೆಯಾಗುತ್ತದೆ, ಆಮ್ಲಜನಕವೇ ಬೇಡವಾದವರಿಗೆ ಪ್ರಯೋಜನವಿಲ್ಲ. ಈ ಕೊನೆಯ ಮಾತೂ ಮೊದಲಿನದರಷ್ಟೇ ಮುಖ್ಯ.

ಅದೇ ಹೊತ್ತಿನಲ್ಲಿ ತದ್ವಿರುದ್ಧದ ಘಟನೆಯೂ ನಡೆಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧದ ಕುರಿತು, 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ದಾಖಲೆ ನೋಡಿದ್ದೇವೆಂದು ಹೇಳಿಕೊಂಡ ಪ್ರಬಂಧ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೇ ತಿಂಗಳಲ್ಲಿ ಬಂತು. ಮೂಲ ಮಾಹಿತಿ ತೋರಿಸಿ ಎಂದಾಗ ಅದನ್ನು ಒದಗಿಸಿದ್ದ ಕಂಪನಿ ಪರಿಶೀಲಕರಿಗೆ ಕೊಡಲೇ ಇಲ್ಲ. ಜೂನ್ ಮೊದಲ ವಾರದಲ್ಲೇ ಪ್ರಬಂಧವನ್ನು ಹಿಂದಕ್ಕೆ ಪಡೆಯಲಾಯಿತು.

ಇನ್ನು ಹೆಸರಿನ ವಿಷಯ. ಹೆಸರು ತೆಗೆದರೆ ಗುರುತು ಹೋಯಿತು ಎಂದು ಬಹಳ ಜನ ತಿಳಿಯುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವೂ ಹಾಗೆಯೇ ತಿಳಿದು, ಸರ್ಕಾರಿ ನೌಕರರ ಆಸ್ಪತ್ರೆ ವಿವರಗಳನ್ನು ಹೆಸರು, ವಿಳಾಸ ಅಳಿಸಿ ಸಂಶೋಧಕರಿಗೆ ಕೊಟ್ಟಿತ್ತು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು, ಎರಡನ್ನೂ ಹೋಲಿಸಿ ನೋಡಿದರು. ಜನ್ಮದಿನಾಂಕ, ಲಿಂಗ, ಅಂಚೆ ಪಿನ್ ಕೋಡು ಮೂರೇ ಸಾಕಾದವು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರದೇ ವೈದ್ಯಕೀಯ ದಾಖಲೆ ಸಿಕ್ಕಿತು.

ಹಾಗೆಂದು ಬೀಗ ಹಾಕಿ ಕೂರಬೇಕಿಲ್ಲ. ಬ್ರಿಟನ್ನಿನ ‘ಓಪನ್‌ಸೇಫ್ಲಿ’ ವ್ಯವಸ್ಥೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅಲ್ಲಿ ದಾಖಲೆ ಇದ್ದಲ್ಲೇ ಇರುತ್ತದೆ. ಸಂಶೋಧಕರು ಹುಸಿ ಮಾಹಿತಿಯ ಮೇಲೆ ತಮ್ಮ ಲೆಕ್ಕದ ಪ್ರೋಗ್ರಾಂ ಬರೆದು ಒಳಗೆ ಕಳಿಸುತ್ತಾರೆ. ಪರಿಶೀಲಿಸಿದ ಒಟ್ಟು ಅಂಕಿಗಳಷ್ಟೇ ಹೊರಗೆ ಬರುತ್ತವೆ. 2020ರಲ್ಲಿ 1.7 ಕೋಟಿಗೂ ಹೆಚ್ಚು ವಯಸ್ಕರ ದಾಖಲೆಗಳಿಂದ ಕೋವಿಡ್ ಯಾರಿಗೆ ಹೆಚ್ಚು ಅಪಾಯಕಾರಿ ಎಂದು ಕಂಡುಕೊಂಡದ್ದು ಹೀಗೆಯೇ. ಗಮನಿಸಿ, ಇಲ್ಲಿ ಯಾವ ಚಿಕಿತ್ಸೆ ಮೇಲು ಎಂಬ ಪ್ರಶ್ನೆ ಇರಲಿಲ್ಲ. ಯಾರಿಗೆ ಅಪಾಯ, ಅಪರೂಪದ ಅಡ್ಡಪರಿಣಾಮ ಯಾರಲ್ಲಿ ಕಂಡಿತು ಎಂಬಂಥ ಪ್ರಶ್ನೆಗಳಿಗೆ ದಾಖಲೆಗಳು ಬಹಳ ನೆರವಾಗುತ್ತವೆ.

ನಮ್ಮಲ್ಲಿ 2021ರಿಂದ ದೇಶಾದ್ಯಂತ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಗಳ ಆಭಾ ಸಂಖ್ಯೆಯನ್ನು ನೀವೂ ಪಡೆದಿರಬಹುದು. ಆ ಸಂಖ್ಯೆ ಇದ್ದ ಮಾತ್ರಕ್ಕೆ ನಿಮ್ಮ ಕಾಗದಪತ್ರಗಳೆಲ್ಲ ದೆಹಲಿಯ ಒಂದು ಕಂಪ್ಯೂಟರಿಗೆ ಹೋಗುವುದಿಲ್ಲ. ದಾಖಲೆ ಆಯಾ ಆಸ್ಪತ್ರೆ, ಲ್ಯಾಬಿನಲ್ಲೇ ಇದ್ದು, ನಿಮ್ಮ ಒಪ್ಪಿಗೆಯ ಮೇಲೆ ಇನ್ನೊಂದು ಕಡೆಗೆ ಹಂಚಿಕೆಯಾಗಬೇಕು ಎಂಬುದು ಅದರ ವಿನ್ಯಾಸ. ಒಪ್ಪಿಗೆ ಕೇಳಿದಾಗ ಯಾರಿಗೆ, ಯಾವ ವಿವರ, ಎಷ್ಟು ಕಾಲ ಎಂಬ ಮೂರನ್ನೂ ಓದಿ ಒತ್ತಿ.

ನಿಮ್ಮ ದಾಖಲೆಯಲ್ಲಿ ಏನು ಬರೆದಿದೆ ಎಂಬ ಕುತೂಹಲವಿದ್ದರೆ ಕೇಳಲು ಸಂಕೋಚ ಬೇಡ. ವೈದ್ಯರ ವೃತ್ತಿಧರ್ಮದ 2002ರ ನಿಯಮಾವಳಿಯಂತೆ, ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಕಡ್ಡಾಯವಾಗಿ ಇಡಬೇಕಾದ್ದು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಮಾತ್ರ, ಆದ್ದರಿಂದ ತಡಮಾಡದೆ ಕೇಳಿ. ಸಿಕ್ಕಮೇಲೆ ಅಲರ್ಜಿಯ ಕಲಂ ಮತ್ತು ನೀವೀಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ತಾಳೆ ನೋಡಿ. ತಪ್ಪಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ ತಿದ್ದಿಸಿಕೊಳ್ಳಿ.