ಮೆಕ್ಕೆಜೋಳದಲ್ಲಿ ಜಿಯರಾಲೆನೋನ್: ವರ್ತಕರು ಅರಿಯಬೇಕಾದ ಅಂಶಗಳು

ಮೆಕ್ಕೆಜೋಳ, ಗೋಧಿ ಮುಂತಾದ ಧಾನ್ಯಗಳಲ್ಲಿ ಫ್ಯುಸೇರಿಯಂ ಶಿಲೀಂಧ್ರಗಳು ಉತ್ಪಾದಿಸುವ ವಿಷವೇ ಜಿಯರಾಲೆನೋನ್. ಪ್ರಾಣಿದೇಹದಲ್ಲಿ ಇದು ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆ.

ಪರಿಣಾಮ: ಹಂದಿಗಳಿಗೆ ಇದರ ಬಾಧೆ ಅತ್ಯಧಿಕ. ಎಳೆಯ ಹೆಣ್ಣುಹಂದಿಗಳಲ್ಲಿ ಜನನಾಂಗದ ಊತ, ದೊಡ್ಡವುಗಳಲ್ಲಿ ಹುಸಿಗರ್ಭ ಹಾಗೂ ಬಂಜೆತನ ಕಂಡುಬರುತ್ತವೆ. ದನಗಳಲ್ಲಿ ಬಾಧೆ ಕಡಿಮೆ, ಕೋಳಿಗಳಲ್ಲಿ ಮತ್ತಷ್ಟು ಕಡಿಮೆ. ಆದುದರಿಂದಲೇ ಯುರೋಪಿಯನ್ ಒಕ್ಕೂಟದ 2006ರ ಮಾರ್ಗಸೂಚಿಯು ಪ್ರತಿ ಕಿಲೋ ಸಿದ್ಧ ಆಹಾರಕ್ಕೆ ಹಂದಿಮರಿಗಳಿಗೆ 0.1 ಮಿ.ಗ್ರಾಂ., ಹಾಲು ಕೊಡುವ ಹಸುಗಳಿಗೆ 0.5 ಮಿ.ಗ್ರಾಂ. ಮಿತಿ ಸೂಚಿಸಿದೆ. ಒಬ್ಬ ಗ್ರಾಹಕನು ಒಪ್ಪುವ ಸರಕನ್ನು ಮತ್ತೊಬ್ಬನು ತಿರಸ್ಕರಿಸಬಹುದು.

ಪತ್ತೆ: ಕಣ್ಣಿಗೆ ಶುಭ್ರವಾಗಿ ಕಾಣುವ ಕಾಳಿನಲ್ಲಿಯೂ ವಿಷವಿರಬಹುದು. ಪ್ರಾಥಮಿಕ ಪರೀಕ್ಷೆಗೆ ಎಲಿಸಾ ಕಿಟ್, ನಿಖರ ಪ್ರಮಾಣಕ್ಕೆ ಎಚ್‌ಪಿಎಲ್‌ಸಿ ವಿಧಾನ ಬಳಕೆಯಲ್ಲಿವೆ. ವಿಷವು ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದೇ ಚೀಲದ ಹಿಡಿ ಕಾಳಿನ ವರದಿ ಇಡೀ ಲೋಡಿಗೆ ಅನ್ವಯಿಸದು. ಹಲವು ಚೀಲಗಳಿಂದ ಮಾದರಿ ತೆಗೆದು, ಬೆರೆಸಿ, ಪುಡಿಮಾಡಿದ ನಂತರವೇ ಪರೀಕ್ಷಿಸತಕ್ಕದ್ದು.

ಮುನ್ನೆಚ್ಚರಿಕೆ: ಚೆನ್ನಾಗಿ ಒಣಗಿಸಿದರೆ ದಾಸ್ತಾನಿನಲ್ಲಿ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ, ಆದರೆ ಈಗಾಗಲೇ ಉಂಟಾದ ವಿಷ ಒಣಗಿಸುವುದರಿಂದ ಹೋಗದು. ಲೋಡು ತಿರಸ್ಕೃತವಾದಾಗ ಸಾಗಣೆ ವೆಚ್ಚದ ವಿವಾದ ತಪ್ಪಿಸಲು ವಿಷದ ಮಿತಿ, ಮಾದರಿ ತೆಗೆಯುವ ಕ್ರಮ, ಉಭಯತರೂ ಒಪ್ಪಿದ ಪ್ರಯೋಗಾಲಯ, ಈ ಮೂರನ್ನೂ ಖರೀದಿ ಕರಾರಿನಲ್ಲಿ ಮೊದಲೇ ನಮೂದಿಸುವುದು ಹಿತಕರ.