ನುಗ್ಗೆಸೊಪ್ಪು ತಿಂದರೆ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 38 ವರ್ಷ. ಹಿಮೋಗ್ಲೋಬಿನ್ 9.5 ಇದೆ. ಸಕ್ಕರೆ ಕಾಯಿಲೆಗೂ ಮಾತ್ರೆ ತಗೊಳ್ತಿದ್ದೇನೆ. ಹಿತ್ತಲಲ್ಲೇ ನುಗ್ಗೆ ಮರವಿದೆ. ದಿನಾ ಸೊಪ್ಪು ತಿಂದು ಕಬ್ಬಿಣದ ಮಾತ್ರೆ ಬಿಡಬಹುದಾ ಮೇಡಂ?
– ಓದುಗರು, ಯಲಹಂಕ

ಉತ್ತರ: ಸೊಪ್ಪು ಧಾರಾಳವಾಗಿ ತಿನ್ನಿ, ಮಾತ್ರೆ ಮಾತ್ರ ಬಿಡಬೇಡಿ. ಹೆಂಗಸರಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. ನಿಮ್ಮದು ಕಡೆಗಣಿಸುವಂಥ ಸಣ್ಣ ಕೊರತೆಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಕಬ್ಬಿಣ ಸುಮಾರು 4.5 ಮಿ.ಗ್ರಾಂ., ಕ್ಯಾಲ್ಸಿಯಂ 300 ಮಿ.ಗ್ರಾಂ.ಗೂ ಹೆಚ್ಚು. ಆ ಕಬ್ಬಿಣದಲ್ಲೂ ಮೈಗೆ ಹತ್ತುವುದು ಅಲ್ಪವೇ. ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ 60ರಿಂದ 100 ಮಿ.ಗ್ರಾಂ.

ಸೊಪ್ಪಿನ ಕಬ್ಬಿಣ ಮೈಗೆ ಹತ್ತುವಂತೆ ಮಾಡುವ ಉಪಾಯ ಅಡುಗೆಮನೆಯಲ್ಲೇ ಇದೆ. ಎಳೆ ಎಲೆ ಬಿಡಿಸಿ, ಕಂಬಳಿಹುಳು ನೋಡಿಕೊಂಡು, ಎರಡು ನೀರಲ್ಲಿ ತೊಳೆಯಿರಿ. ಹೆಸರುಕಾಳಿನ ಜೊತೆ ಬಸ್ಸಾರು ಮಾಡಿ; ಬಸಿದ ನೀರು ಸಾರಿಗೇ ಹೋಗುವುದರಿಂದ ಸತ್ವ ಚೆಲ್ಲಿಹೋಗದು. ಪಲ್ಯ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಊಟವಾದ ಒಂದು ಗಂಟೆ ಕಾಫಿ, ಟೀ ಬೇಡ. ವಾರಕ್ಕೆ ಮೂರು ದಿನ ಸಾಕು.

ನುಗ್ಗೆ ಪುಡಿ, ಕಷಾಯದ ಗೋಜಿಗೆ ಹೋಗಬೇಡಿ. ಸಕ್ಕರೆ ಮಾತ್ರೆಯ ಜೊತೆ ಸೇರಿ ಸಕ್ಕರೆ ತೀರಾ ಇಳಿದೀತು. ಬೇರು, ತೊಗಟೆಯಂತೂ ಬೇಡವೇ ಬೇಡ, ಗರ್ಭಿಣಿಯರಿಗಂತೂ ಅಪಾಯ.

ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚೇ? ವೈದ್ಯರಿಗೆ ತಿಳಿಸಿ. ಸೋರುವ ಕೊಡಕ್ಕೆ ಎಷ್ಟು ನೀರು ಸುರಿದರೇನು?