ಗ್ರೆಪ್ ಕೊಡುವ ಮೂರು ಉತ್ತರಗಳು

ತಾರ್ನಾಕ, ಲಾಲಾಗುಡ, ಹಬ್ಸಿಗುಡಗಳ ಸುತ್ತ ನೆಲಸಿರುವ ನಮ್ಮ ವಾಚಕರಲ್ಲಿ ಕೆಲವರು ಗುಮಾಸ್ತರು; ಹಾಜರಿ ಪಟ್ಟಿ, ಸಂಬಳದ ಪಟ್ಟಿಗಳನ್ನು ಗಣಕಯಂತ್ರದಲ್ಲಿ ನೋಡಿಕೊಳ್ಳುವವರು. ಇನ್ನು ಕೆಲವರು ಅಂಥ ಪಟ್ಟಿಗಳಲ್ಲಿ ಹೆಸರಿರಬೇಕಾದ ಕೆಲಸಗಾರರು. ಈ ಪಾಠ ಇಬ್ಬರಿಗೂ ಸಂಬಂಧಿಸಿದ್ದು. ಪಟ್ಟಿಯಲ್ಲಿ ಒಬ್ಬನ ಸಂಖ್ಯೆ ‘ಇಲ್ಲ’ ಎಂದು ಯಂತ್ರ ಹೇಳಿದರೆ ಅವನ ಒಂದು ದಿನದ ಕೂಲಿ ಹೋದಂತೆಯೇ. ಯಂತ್ರವು ಹುಡುಕಿ ನೋಡಿ ಹಾಗೆ ಹೇಳಿತೇ, ಹುಡುಕದೆಯೇ ಹೇಳಿತೇ ಎಂಬುದನ್ನು ತಿಳಿಯುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಯೂನಿಕ್ಸ್, ಲಿನಕ್ಸ್ ಯಂತ್ರಗಳಲ್ಲಿ ಒಂದಾದ ಮೇಲೊಂದು ನಡೆಯಬೇಕಾದ ಆಜ್ಞೆಗಳನ್ನು ಬರೆದಿಟ್ಟ ಕಡತಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಕಡತದೊಳಗೆ ಪದವನ್ನು ಹುಡುಕುವ ಆಜ್ಞೆ ಗ್ರೆಪ್. ಜಿ, ಆರ್, ಇ, ಪಿ ಎಂಬ ನಾಲ್ಕು ಅಕ್ಷರಗಳ ಈ ಆಜ್ಞೆಯನ್ನು ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಅವರು ರಚಿಸಿದರು; 1973ರ ಯೂನಿಕ್ಸಿನಲ್ಲಿ ಅದು ಸೇರಿತ್ತು. ಈ ಪಾಠದಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು.

ಪ್ರತಿಯೊಂದು ಆಜ್ಞೆಯೂ ತನ್ನ ಕೆಲಸ ಮುಗಿಸಿ ಹೋಗುವಾಗ ಒಂದು ಅಂಕೆಯನ್ನು ಬಿಟ್ಟುಹೋಗುತ್ತದೆ. ಇದೇ ಮುಕ್ತಾಯ ಸಂಕೇತ, ಅರ್ಥಾತ್ ಎಕ್ಸಿಟ್ ಕೋಡ್. ಗ್ರೆಪ್ ಬಿಡುವ ಅಂಕೆಗಳು ಮೂರು:

0 — ಸಿಕ್ಕಿತು.
1 — ಹುಡುಕಿದೆ, ಸಿಕ್ಕಲಿಲ್ಲ.
2 — ಹುಡುಕುವುದಕ್ಕೇ ಆಗಲಿಲ್ಲ.

ಕಡತ ಇಲ್ಲದಿದ್ದರೆ, ಅದನ್ನು ಓದಲು ಅನುಮತಿ ಇಲ್ಲದಿದ್ದರೆ ಬರುವುದು 2. ಗ್ರೆಪ್ ಎಂಬ ಹೆಸರನ್ನೇ ತಪ್ಪಾಗಿ ಒತ್ತಿದರೆ ಅಂಥ ಆಜ್ಞೆ ಇಲ್ಲವೆಂದು ಶೆಲ್ಲು 127 ಎಂಬ ಅಂಕೆ ಕೊಡುತ್ತದೆ. ಈ ಮೂರು ಉತ್ತರಗಳಲ್ಲಿ ಒಂದೊಂದಕ್ಕೂ ಒಂದೊಂದು ಮೋಸವುಂಟು. ಅವನ್ನು ಕ್ರಮವಾಗಿ ನೋಡೋಣ.

ಮೊದಲನೆಯದು, 0 ಎಂಬ ಉತ್ತರ. 117ನೆಯ ಸಂಖ್ಯೆಯ ಕೆಲಸಗಾರನು ಬಂದಿದ್ದಾನೆಯೇ ಎಂದು ಹುಡುಕುತ್ತೇವೆ ಎನ್ನಿ. ಪಟ್ಟಿಯಲ್ಲಿ 1175 ಎಂದಿದ್ದರೂ ಗ್ರೆಪ್ ‘ಸಿಕ್ಕಿತು’ ಎನ್ನುತ್ತದೆ. 1175ರ ಒಳಗೆ 117 ಇದೆಯಷ್ಟೆ. ಇದಕ್ಕೆ ಪರಿಹಾರ -ಡಬ್ಲ್ಯೂ ಎಂಬ ಸೂಚನೆ. ಅದು ಇಡೀ ಪದವನ್ನು ಮಾತ್ರ ಒಪ್ಪುತ್ತದೆ. ಹಾಗೆಯೇ ಗ್ರೆಪ್‌ಗೆ ಚುಕ್ಕಿಯೆಂದರೆ ಚುಕ್ಕಿಯಲ್ಲ, ‘ಯಾವುದಾದರೂ ಒಂದು ಅಕ್ಷರ’. 1.50 ಎಂದು ಹುಡುಕಿದರೆ 1350 ಸಹ ಸಿಕ್ಕುತ್ತದೆ. -ದೊಡ್ಡ ಎಫ್ ಹಾಕಿದರೆ ಚುಕ್ಕಿಯನ್ನು ಚುಕ್ಕಿಯಾಗಿಯೇ ಓದುತ್ತದೆ.

ಎರಡನೆಯದು, 1 ಎಂಬ ಉತ್ತರ. ಕಣ್ಣಿಗೆ ಕಾಣುವ ಪದ ಯಂತ್ರಕ್ಕೆ ಕಾಣದಿರುವುದುಂಟು. ಕನ್ನಡದವರಾದ ನಮಗೆ ಇದು ಹೆಚ್ಚಾಗಿ ತಗಲುವ ತೊಡಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಚ್ಚಿನಲ್ಲಿ ಬೆರಳಚ್ಚು ಮಾಡಿದ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಕನ್ನಡವಾಗಿ ತೋರುವುದು ಅಚ್ಚಿನ ಕೈಚಳಕ. ಯೂನಿಕೋಡಿನಲ್ಲಿಯೂ ‘ಕೊಪ್ಪಳ’ ಎಂಬುದರ ಮೊದಲ ಅಕ್ಷರವನ್ನು ಎರಡು ರೀತಿ ಬರೆಯಬಹುದು: ಒತ್ವದ ಒಂದೇ ಚಿಹ್ನೆ ಹಾಕಿ, ಅಥವಾ ಎತ್ವ ಮತ್ತು ಊತ್ವದ ಎರಡು ಚಿಹ್ನೆ ಸೇರಿಸಿ. ಓದುವವನಿಗೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಹೈದರಾಬಾದಿನಲ್ಲಿ ಮತ್ತೊಂದು ತೊಡಕಿದೆ. ತೆಲುಗಿನ ಗ, ನ, ರ, ಲ ನಮ್ಮವನ್ನೇ ಹೋಲುತ್ತವೆ. ಆದರೆ ಯೂನಿಕೋಡಿನಲ್ಲಿ ಎರಡು ಲಿಪಿಗಳಿಗೂ 128 ಸ್ಥಾನಗಳ ಪ್ರತ್ಯೇಕ ಮನೆಗಳಿವೆ. ತೆಲುಗಿನ ಪಟ್ಟಿಯಲ್ಲಿ ಕನ್ನಡದ ಪದವನ್ನು ಹುಡುಕಿದರೆ ಬರುವ ಉತ್ತರ 1. ೧೧೭ ಎಂದಿರುವಲ್ಲಿ 117 ಹುಡುಕಿದರೂ ಅಷ್ಟೇ. ಆದುದರಿಂದ ‘ಇಲ್ಲ’ ಎಂಬ ಉತ್ತರ ಬಂದಾಗ, ಅದೇ ಪಟ್ಟಿಯಲ್ಲಿ ಖಂಡಿತವಾಗಿ ಇದೆಯೆಂದು ನಿಮಗೆ ಗೊತ್ತಿರುವ ಒಂದು ಪದವನ್ನು ಅದೇ ಕೀಲಿಮಣೆಯಿಂದ ಒತ್ತಿ ಹುಡುಕಿ ನೋಡಿ. ಅದೂ ಸಿಕ್ಕದಿದ್ದರೆ ದೋಷ ಬರವಣಿಗೆಯ ರೀತಿಯಲ್ಲಿದೆ, ಮನುಷ್ಯನಲ್ಲಿಲ್ಲ.

ಮೂರನೆಯದು, 2 ಎಂಬ ಉತ್ತರ. ಇದರ ಮೋಸವೇ ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಅದು 1ರ ವೇಷ ಹಾಕಿಕೊಂಡು ಬರುತ್ತದೆ. ‘ಸಿಕ್ಕಿದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಎರಡೇ ದಾರಿಗಳುಳ್ಳ ಸ್ಕ್ರಿಪ್ಟು ಬರೆದರೆ 1 ಮತ್ತು 2 ಒಂದೇ ದಾರಿಗೆ ಬೀಳುತ್ತವೆ. ಹಾಜರಿ ಕಡತವೇ ಬಾರದ ದಿನ ಎಲ್ಲರೂ ಗೈರುಹಾಜರಾಗುತ್ತಾರೆ. ಇನ್ನೂ ಒಂದು ರೂಢಿಯಿದೆ: ಕ್ಯಾಟ್ ಆಜ್ಞೆಯಿಂದ ಕಡತವನ್ನು ತೆರೆದು, ನಿಲುಗೆರೆಯ (|) ಮೂಲಕ ಗ್ರೆಪ್‌ಗೆ ಹರಿಸುವುದು. ಕಡತ ಇಲ್ಲದಿದ್ದರೆ ಕ್ಯಾಟ್ ದೂರು ಹೇಳಿ ಸುಮ್ಮನಾಗುತ್ತದೆ. ಗ್ರೆಪ್‌ಗೆ ಬರಿಯ ಶೂನ್ಯ ಬಂದು ಸೇರುತ್ತದೆ. ಶೂನ್ಯದಲ್ಲಿ ಹುಡುಕಿ ಅದು 1 ಎನ್ನುತ್ತದೆ. ಹೀಗೆ ಸಾಲಾಗಿ ಜೋಡಿಸಿದ ಆಜ್ಞೆಗಳಲ್ಲಿ ಸಾಮಾನ್ಯವಾಗಿ ಕೊನೆಯದರ ಅಂಕೆ ಮಾತ್ರ ಉಳಿಯುತ್ತದೆ. ಆದ್ದರಿಂದ ಕಡತದ ಹೆಸರನ್ನು ನೇರವಾಗಿ ಗ್ರೆಪ್‌ಗೇ ಕೊಡಿ. ಆಗ ಅದು ಪ್ರಾಮಾಣಿಕವಾಗಿ 2 ಎನ್ನುವುದು.

ಅಂಕೆಯನ್ನು ಓದುವ ಕ್ರಮದಲ್ಲಿಯೂ ಎಚ್ಚರ ಬೇಕು. ಅದು $? ಎಂಬ ಚಿಹ್ನೆಯಲ್ಲಿ ಇರುತ್ತದೆ. ಆದರೆ ಮುಂದಿನ ಆಜ್ಞೆ ನಡೆದೊಡನೆ ಅಳಿಸಿ ಹೊಸ ಅಂಕೆ ಕೂಡುತ್ತದೆ. ಆದುದರಿಂದ ಗ್ರೆಪ್ ಆದ ಕೂಡಲೇ ಅದನ್ನು ಬೇರೊಂದು ಹೆಸರಿನಲ್ಲಿ ತೆಗೆದಿಡಬೇಕು. ಸ್ಕ್ರಿಪ್ಟಿನ ಮೊದಲಿಗೆ ‘ಸೆಟ್ -ಇ’ ಎಂದಿದ್ದರೆ, ಗ್ರೆಪ್ 1 ಎಂದ ಕ್ಷಣವೇ ಸ್ಕ್ರಿಪ್ಟು ನಿಂತುಹೋಗುತ್ತದೆ, ತೆಗೆದಿಡುವ ಅವಕಾಶವೂ ಸಿಕ್ಕುವುದಿಲ್ಲ. ಎರಡಕ್ಕೂ ಹೊಂದುವ ಬರವಣಿಗೆ ಇದು:

ಉತ್ತರ=0
ಗ್ರೆಪ್ -ಡಬ್ಲ್ಯೂ 117 ಹಾಜರಿ || ಉತ್ತರ=$?

ಎರಡು ನಿಲುಗೆರೆಗಳಿಗೆ ‘ಹಿಂದಿನದು ಫಲಿಸದಿದ್ದರೆ’ ಎಂದು ಅರ್ಥ. ಸಮಚಿಹ್ನೆಯ ಎರಡು ಪಕ್ಕದಲ್ಲಿಯೂ ಜಾಗ ಬಿಡಬಾರದು. ಅನಂತರ ‘ಉತ್ತರ’ದಲ್ಲಿರುವ ಅಂಕೆಯನ್ನು ನೋಡಿ ಮೂರು ದಾರಿ ಬರೆಯಿರಿ: 0 ಆದರೆ ಹಾಜರು, 1 ಆದರೆ ಗೈರುಹಾಜರು, ಬೇರೆ ಯಾವುದಾದರೂ ಆದರೆ ಯಾರನ್ನೂ ಗೈರುಹಾಜರೆಂದು ಬರೆಯದೆ ಕೆಲಸ ನಿಲ್ಲಿಸಿ, ಮೇಲಿನವರಿಗೆ ತಿಳಿಸುವುದು. ಕೆಲಸಗಾರರೂ ಇದನ್ನು ನೆನಪಿಡಬೇಕು. ‘ಯಂತ್ರದಲ್ಲಿ ಹೆಸರಿಲ್ಲ’ ಎಂದವರನ್ನು, ‘ಪಟ್ಟಿ ತೆರೆಯಿತೇ? ಯಾವ ಲಿಪಿಯಲ್ಲಿ ಹುಡುಕಿದಿರಿ?’ ಎಂದು ವಿನಯದಿಂದ ಕೇಳಬಹುದು. ಅದು ಸರಿಯಾದ ಪ್ರಶ್ನೆ.

ಅಭ್ಯಾಸ: ‘ಹಾಜರಿ’ ಎಂಬ ಕಡತ ಮಾಡಿ ಅದರಲ್ಲಿ 1175 ಎಂಬ ಒಂದೇ ಸಾಲು ಬರೆಯಿರಿ. (1) 117 ಎಂದು ಸುಮ್ಮನೆ ಹುಡುಕಿ. (2) -ಡಬ್ಲ್ಯೂ ಹಾಕಿ ಹುಡುಕಿ. (3) ಇಲ್ಲದ ಕಡತದ ಹೆಸರು ಕೊಟ್ಟು ಹುಡುಕಿ. (4) ಅದೇ ಇಲ್ಲದ ಕಡತವನ್ನು ಕ್ಯಾಟ್‌ನಿಂದ ಗ್ರೆಪ್‌ಗೆ ಹರಿಸಿ. ಒಂದೊಂದಾದ ಕೂಡಲೇ ‘ಎಕೋ $?’ ಎಂದು ಒತ್ತಿ ಅಂಕೆಯನ್ನು ಬರೆದುಕೊಳ್ಳಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅಂಕೆ ಏಕೆ ಬೇರೆಯಾಯಿತೆಂದು ಪಕ್ಕದವರಿಗೆ ಬಿಡಿಸಿ ಹೇಳಲು ಬಂದರೆ ಪಾಠ ಕೈವಶವಾಯಿತೆಂದು ತಿಳಿಯಿರಿ.